ಯುದ್ಧ ಬಾಗಿಲಿಗೆ ಬರುವ ಮೊದಲು: ಸಂಗ್ರಹಾಲಯದ ಸೊತ್ತನ್ನು ಕಾಪಾಡಿಕೊಳ್ಳುವ ಕ್ರಮ

2003ರ ಏಪ್ರಿಲ್ 10ರಿಂದ 12ರವರೆಗಿನ ಮೂರು ದಿನಗಳಲ್ಲಿ ಬಾಗ್ದಾದಿನ ಇರಾಕ್ ವಸ್ತುಸಂಗ್ರಹಾಲಯದಿಂದ ಸುಮಾರು 15,000 ವಸ್ತುಗಳು ಕಳುವಾದವು. ಕಟ್ಟಡ ಬಾಂಬಿಗೆ ಉರುಳಿರಲಿಲ್ಲ. ಹಳೆಯ ಸರ್ಕಾರದ ಕಾವಲು ಎದ್ದುಹೋಗಿತ್ತು, ಊರಿಗೆ ನುಗ್ಗಿದ ಸೇನೆಯ ಕಾವಲು ಇನ್ನೂ ಬಂದಿರಲಿಲ್ಲ. ಯುದ್ಧ ಎಂದೊಡನೆ ನಾವು ಬೆಂಕಿ, ಫಿರಂಗಿಗಳನ್ನೇ ನೆನೆಯುತ್ತೇವೆ. ಆದರೆ ಒಬ್ಬರ ಅಧಿಕಾರ ಮುಗಿದು ಇನ್ನೊಬ್ಬರ ಅಧಿಕಾರ ನೆಲೆಯೂರುವ ನಡುವಿನ ಆ ಕೆಲವು ದಿನಗಳಲ್ಲಿ ಹೋಗುವ ಸೊತ್ತು ಕಡಿಮೆಯದಲ್ಲ.

ದೊಡ್ಡ ಸಂಸ್ಥೆಗಳಿಗೆ ತಜ್ಞರಿರುತ್ತಾರೆ, ಹಣವಿರುತ್ತದೆ. ಒಂದಿಬ್ಬರು ಸಿಬ್ಬಂದಿ, ನಾಲ್ಕು ಬೀರು, ಒಂದು ನೋಂದಣಿ ಪುಸ್ತಕ ಇರುವ ಸಣ್ಣ ಸಂಗ್ರಹಾಲಯ, ಗ್ರಂಥಾಲಯ, ಮಠದ ಓಲೆಗರಿ ಭಂಡಾರ ಅಥವಾ ದೇವಾಲಯದ ಆಡಳಿತ ಮಂಡಳಿ ಇಂಥ ಹೊತ್ತಿನಲ್ಲಿ ಏನು ಮಾಡಬಹುದು ಎಂಬುದನ್ನು ಹಿಂದೆ ಬೇರೆ ಬೇರೆ ದೇಶಗಳಲ್ಲಿ ನಿಜವಾಗಿ ನಡೆದ ಕೆಲಸಗಳ ಆಧಾರದ ಮೇಲೆ ಇಲ್ಲಿ ಬರೆದಿದ್ದೇನೆ. ಇದರಲ್ಲಿ ಮುಕ್ಕಾಲು ಪಾಲು ಶಾಂತಿಯ ಕಾಲದಲ್ಲೇ, ಅವಸರವಿಲ್ಲದೆ, ಮಾಡಿ ಮುಗಿಸಬೇಕಾದ ಕೆಲಸ.

ಪಟ್ಟಿ

ಪ್ರತಿ ವಸ್ತುವಿಗೂ ಒಂದು ಹಾಳೆ ಮೀಸಲಿಡಿ. ವಸ್ತು ಯಾವುದು, ಯಾವುದರಿಂದ ಮಾಡಿದ್ದು, ಎತ್ತರ, ಅಗಲ, ದಪ್ಪ, ತೂಕ ಎಷ್ಟು, ಮೇಲೆ ಬರಹವೇನಾದರೂ ಇದೆಯೇ, ಯಾರಿಂದ ಯಾವಾಗ ಬಂತು ಎಂಬಿಷ್ಟನ್ನು ಬರೆದು, ಮುಂಬದಿ, ಹಿಂಬದಿ, ಎರಡು ಪಕ್ಕ ಮತ್ತು ತಳದ ಫೋಟೊಗಳನ್ನು ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ತೆಗೆದು ಲಗತ್ತಿಸಿ. ಆಬ್ಜೆಕ್ಟ್ ಐಡಿ ಎಂಬ ಹೆಸರಿನಲ್ಲಿ 1990ರ ದಶಕದಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ನಮೂನೆ ಕೇಳುವುದೂ ಹೆಚ್ಚುಕಡಿಮೆ ಇಷ್ಟನ್ನೇ. ಪೊಲೀಸರಿಗೂ ಕಸ್ಟಮ್ಸ್ ಅಧಿಕಾರಿಗಳಿಗೂ ಅರ್ಥವಾಗುವ ರೂಪ ಅದು.

ಆ ಹಾಳೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಸಾಲು ವಸ್ತುವಿನ ಊನವನ್ನು ಹೇಳುವ ಸಾಲು. "ಕಂಚಿನ ಪಾರ್ಶ್ವನಾಥ, ಎತ್ತರ ಹದಿನೆಂಟು ಅಂಗುಲ" ಎಂದಷ್ಟೇ ಬರೆದರೆ ಅಂಥ ವಿಗ್ರಹಗಳು ನಾಡಿನಲ್ಲಿ ಬೇಕಾದಷ್ಟಿವೆ. "ಹೆಡೆಗಳಲ್ಲಿ ಎಡದಿಂದ ಎರಡನೆಯದರ ತುದಿ ಮುರಿದಿದೆ, ಪೀಠದ ಹಿಂಬದಿಯಲ್ಲಿ ಹಳೆಯ ಬೆಸುಗೆಯ ಗಂಟಿದೆ, ಬಲ ಮೊಣಕಾಲಿನ ಕೆಳಗೆ ಅಕ್ಕಿಕಾಳಿನಷ್ಟು ಗುಳಿಯಿದೆ" ಎಂದು ಬರೆದಾಗ ಅದು ಲೋಕದಲ್ಲಿ ಒಂದೇ ಒಂದು ವಿಗ್ರಹವಾಗುತ್ತದೆ. ನ್ಯಾಯಾಲಯದಲ್ಲಿ ನಿಲ್ಲುವುದು ಇಂಥ ಗುರುತು. ಹನ್ನೊಂದನೆಯ ಶತಮಾನದಲ್ಲಿ ಚೋಳ ರಾಜಾಧಿರಾಜನು ಚಾಲುಕ್ಯರ ಕಲ್ಯಾಣವನ್ನು ಸುಟ್ಟು ಅಲ್ಲಿಂದ ಕೊಂಡೊಯ್ದ ದ್ವಾರಪಾಲಕ ಶಿಲ್ಪದ ಮೇಲೆ, ಅದನ್ನು ಹಾಗೆ ತಂದದ್ದೆಂದು ತಮಿಳಿನಲ್ಲಿ ಕೆತ್ತಿಸಿದ್ದಾನೆ. ದಾರಾಸುರದಲ್ಲಿ ಸಿಕ್ಕ ಆ ಶಿಲ್ಪ ಎಲ್ಲಿಯದೆಂದು ಇಂದು ನಮಗೆ ತಿಳಿಯುವುದು ಆ ಬರಹದಿಂದ. ಲೂಟಿ ಮಾಡಿದವನೇ ಬರೆದುಕೊಟ್ಟ ರಸೀದಿ ಎನ್ನಬಹುದು. ಎಲ್ಲ ಕಾಲಕ್ಕೂ ಅಂಥ ಉಪಕಾರ ಸಿಗುವುದಿಲ್ಲವಾದ್ದರಿಂದ ರಸೀದಿಯನ್ನು ನಾವೇ ಮೊದಲೇ ಬರೆದಿಟ್ಟುಕೊಳ್ಳಬೇಕು.

ಪಟ್ಟಿಯ ಮೂರು ಪ್ರತಿಗಳಿರಲಿ. ಒಂದು ಕಟ್ಟಡದಲ್ಲಿ, ಇನ್ನೊಂದು ಅದೇ ಊರಿನ ಬೇರೆ ಸ್ಥಳದಲ್ಲಿ, ಮೂರನೆಯದು ದೂರದ ಊರಿನಲ್ಲಿ. ಡಿಜಿಟಲ್ ಪ್ರತಿ ಇದ್ದರೂ ಕಾಗದದ ಪ್ರತಿಯನ್ನು ಬಿಡಬೇಡಿ, ಏಕೆಂದರೆ ಯುದ್ಧದಲ್ಲಿ ಮೊದಲು ಹೋಗುವುದು ವಿದ್ಯುತ್ತು. ಲೆಬನಾನಿನ ಅಂತರ್ಯುದ್ಧದಲ್ಲಿ ಬೈರೂತಿನ ರಾಷ್ಟ್ರೀಯ ಸಂಗ್ರಹಾಲಯದ ವಸ್ತುಗಳು ಬಹುಮಟ್ಟಿಗೆ ಉಳಿದರೂ ಪಕ್ಕದ ಭಾಗಕ್ಕೆ ಬೆಂಕಿ ತಗುಲಿ ದಾಖಲೆಗಳು ಸುಟ್ಟುಹೋದವು. ಇದಕ್ಕೆ ಎದುರಾದ ಉದಾಹರಣೆ ನಮ್ಮ ಶೃಂಗೇರಿಯದು. 1791ರಲ್ಲಿ ಮರಾಠಾ ಸೇನೆಯ ಜೊತೆಗಿದ್ದ ದಂಡು ಮಠವನ್ನು ಲೂಟಿ ಮಾಡಿ ಶಾರದಾ ವಿಗ್ರಹವನ್ನು ಸ್ಥಾನಭ್ರಷ್ಟಗೊಳಿಸಿದ ಸಂಗತಿ, ಅದರ ಪುನಃಪ್ರತಿಷ್ಠೆಗೆ ಟಿಪ್ಪು ಸುಲ್ತಾನನು ನೆರವು ಕೊಟ್ಟ ಸಂಗತಿ ಇತಿಹಾಸಕ್ಕೆ ಸ್ಪಷ್ಟವಾಗಿ ದೊರೆತದ್ದು ಮಠದ ಕಡತಗಳಲ್ಲಿ ಉಳಿದಿದ್ದ ಪತ್ರಗಳಿಂದ, 1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಅವನ್ನು ಬೆಳಕಿಗೆ ತಂದರು.

ಯಾವುದು ಮೊದಲು

ಒಂದು ಗಂಟೆ ಸಿಕ್ಕರೆ ಏನನ್ನು ಎತ್ತಬೇಕು, ಒಂದು ದಿನ ಸಿಕ್ಕರೆ ಏನನ್ನು, ಒಂದು ವಾರ ಸಿಕ್ಕರೆ ಏನನ್ನು ಎಂದು ಇಂದೇ ತೀರ್ಮಾನಿಸಿ ಬರೆದಿಡಿ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯ ಇದನ್ನು ಬಣ್ಣದ ಚುಕ್ಕೆಗಳಿಂದ ಮಾಡಿತು. 1939ರ ಆಗಸ್ಟ್ 25ರಂದು ದುರಸ್ತಿಯ ನೆಪ ಹೇಳಿ ಬಾಗಿಲು ಮುಚ್ಚಿ, ಝಾಕ್ ಝೋಝಾರ್ ಅವರ ಮೇಲ್ವಿಚಾರಣೆಯಲ್ಲಿ ಸಿಬ್ಬಂದಿ ಹಗಲಿರುಳು ಪೆಟ್ಟಿಗೆ ಕಟ್ಟಿದರು. ಮುಖ್ಯ ಕೃತಿಗಳಿಗೆ ಹಳದಿ, ಅದಕ್ಕಿಂತ ಹೆಚ್ಚಿನವಕ್ಕೆ ಹಸಿರು, ಯಾವ ಕಾರಣಕ್ಕೂ ಕಳೆದುಕೊಳ್ಳಬಾರದವಕ್ಕೆ ಕೆಂಪು ಚುಕ್ಕೆ. ಮೋನಾ ಲಿಸಾಳ ಪೆಟ್ಟಿಗೆಗೆ ಮೂರು ಕೆಂಪು ಚುಕ್ಕೆ. ಸೆಪ್ಟೆಂಬರ್ 3ರಂದು ಫ್ರಾನ್ಸ್ ಯುದ್ಧ ಘೋಷಿಸುವ ಹೊತ್ತಿಗೆ ಮೋನಾ ಲಿಸಾ ಆಗಲೇ ಶಾಂಬೋರ್ ಕೋಟೆಯನ್ನು ಸೇರಿಯಾಗಿತ್ತು. ಅವರು ಅಷ್ಟು ಬೇಗ ಮುಗಿಸಿದ್ದು ಅದೃಷ್ಟದಿಂದಲ್ಲ: ಹಿಂದಿನ ವರ್ಷ, 1938ರ ಮ್ಯೂನಿಕ್ ಬಿಕ್ಕಟ್ಟಿನಲ್ಲಿ, ಕೆಲವು ಕೃತಿಗಳನ್ನು ಅಲ್ಲಿಗೇ ಸಾಗಿಸಿ ಹಿಂದಕ್ಕೆ ತಂದಿದ್ದರು. ನೀವೂ ವರ್ಷಕ್ಕೊಮ್ಮೆ ನಾಲ್ಕು ಪೆಟ್ಟಿಗೆಗಳನ್ನಾದರೂ ಕಟ್ಟಿ, ಹೊತ್ತು, ವಾಹನಕ್ಕೇರಿಸಿ ನೋಡಿ; ಬೀರುವಿನ ಕೀಲಿ ಯಾರ ಬಳಿಯಿದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲೇ ಅರ್ಧ ಗಂಟೆ ಹಿಡಿಯುತ್ತದೆ ಎಂಬುದು ಆಗ ಗೊತ್ತಾಗುತ್ತದೆ.

ಆದ್ಯತೆಯನ್ನು ಬೆಲೆಯಿಂದ ಅಳೆಯಬೇಡಿ. ಬೆಳ್ಳಿಯ ಕಿರೀಟವನ್ನು ಮತ್ತೆ ಮಾಡಿಸಬಹುದು. ಬೇರೆಲ್ಲೂ ಪ್ರತಿಯಿಲ್ಲದ ಓಲೆಗರಿಯ ಕಟ್ಟನ್ನು ಮಾಡಿಸಲಾಗದು. ಬಣ್ಣದ ಗುರುತಿನ ಅರ್ಥ ಇಬ್ಬರು ಮೂವರಿಗೆ ಮಾತ್ರ ತಿಳಿದಿರಲಿ. ಪೆಟ್ಟಿಗೆಯ ಮೇಲೆ ಸಂಖ್ಯೆಯ ಹೊರತು ಏನನ್ನೂ ಬರೆಯಬೇಡಿ. ಸಾಗಿಸುವ ಆಜ್ಞೆಯನ್ನು ಕೊಡುವವರು ಯಾರು, ಅವರು ಸಿಗದಿದ್ದರೆ ಯಾರು, ಅವರೂ ಸಿಗದಿದ್ದರೆ ಯಾರು ಎಂಬುದನ್ನು ಆಡಳಿತ ಮಂಡಳಿಯ ನಿರ್ಣಯ ಪುಸ್ತಕದಲ್ಲಿ ದಾಖಲಿಸಿ ರುಜು ಹಾಕಿಸಿ. ಮೇಲಿನವರ ಲಿಖಿತ ಆದೇಶಕ್ಕಾಗಿ ಕಾಯುತ್ತ ಕುಳಿತರೆ ಹೊತ್ತು ಮೀರಿರುತ್ತದೆ.

ಕಟ್ಟುವುದು, ಸಾಗಿಸುವುದು

ಓಲೆಗರಿಯ ಕಟ್ಟುಗಳಿಗೆ ಎರಡೂ ಬದಿಗೆ ಗರಿಗಿಂತ ತುಸು ದೊಡ್ಡದಾದ ಹಲಗೆಯಿಟ್ಟು, ಗರಿಗಳು ಕದಲದಷ್ಟು ಮಾತ್ರ ದಾರ ಬಿಗಿದು, ಒಗೆದು ಒಣಗಿಸಿದ ಹತ್ತಿಬಟ್ಟೆಯಲ್ಲಿ ಸುತ್ತಿ. ದಾರ ಅತಿಯಾಗಿ ಬಿಗಿದರೆ ಅಂಚು ಸೀಳುತ್ತದೆ; ಸಡಿಲವಾದರೆ ಗರಿಗಳು ಒಂದರ ಮೇಲೊಂದು ಉಜ್ಜಿ ಅಕ್ಷರ ಸವೆಯುತ್ತದೆ. ಅಂಟಿಕೊಂಡ ಗರಿಗಳನ್ನು ಆ ಗಡಿಬಿಡಿಯಲ್ಲಿ ಬಿಡಿಸಲು ಹೋಗಬೇಡಿ. ಕಾಗದದ ಹಸ್ತಪ್ರತಿಗಳನ್ನು ಹಳೆಯ ಪತ್ರಿಕೆಗಳಲ್ಲಿ ಸುತ್ತಬೇಡಿ, ಆಮ್ಲ ಮತ್ತು ಶಾಯಿ ಎರಡೂ ತಗಲುತ್ತವೆ. ಉತ್ಸವಮೂರ್ತಿಯನ್ನು ಕೈ ಹಿಡಿದು ಎತ್ತದೆ ಪೀಠದಿಂದ ಎತ್ತಿ. ಪ್ರಭಾವಳಿಯನ್ನು ಬಿಚ್ಚಿ ಬೇರೆಯಾಗಿ ಕಟ್ಟಿ, ಎರಡಕ್ಕೂ ಒಂದೇ ಸಂಖ್ಯೆ ಕೊಡಿ. ಮೈಸೂರು ಶೈಲಿಯ ಚಿತ್ರಗಳಲ್ಲಿ ಉಬ್ಬು ಕೆಲಸದ ಮೇಲೆ ಚಿನ್ನದ ರೇಕು ಅಂಟಿರುವುದರಿಂದ ಮೇಲ್ಮೈಗೆ ಏನೂ ಒತ್ತದಂತೆ ಚೌಕಟ್ಟಿನ ಅಂಚಿಗೆ ಮಾತ್ರ ಆಧಾರ ಕೊಟ್ಟು ಕಟ್ಟಬೇಕು. ಗಾಜಿದ್ದರೆ ಅದರ ಮೇಲೆ ಅಡ್ಡಡ್ಡವಾಗಿ ಟೇಪು ಅಂಟಿಸಿದರೆ ಒಡೆದರೂ ಚೂರು ಉದುರಿ ಚಿತ್ರವನ್ನು ಗೀರುವುದಿಲ್ಲ. ಇಬ್ಬರು ಎತ್ತಲಾಗದ ಪೆಟ್ಟಿಗೆಯನ್ನು ಕಟ್ಟಲೇಬೇಡಿ. ಪ್ರತಿ ಪೆಟ್ಟಿಗೆಯೊಳಗೆ ಅದರಲ್ಲಿರುವ ವಸ್ತುಗಳ ಪಟ್ಟಿಯನ್ನಿಟ್ಟು, ಮುಚ್ಚುವಾಗ ಇಬ್ಬರ ಎದುರು ಮಹಜರು ಬರೆದು ರುಜು ಮಾಡಿ.

ದಾರಿಯನ್ನು ಮೊದಲೇ ಅಳೆದಿಟ್ಟುಕೊಳ್ಳಿ. ಲೂವ್ರ್‌ನಿಂದ ಜೆರಿಕೊನ ಬೃಹತ್ ಚಿತ್ರವೊಂದನ್ನು ನಾಟಕ ಕಂಪನಿಯ ಪರದೆಗಳನ್ನು ಸಾಗಿಸುವ ತೆರೆದ ವಾಹನದಲ್ಲಿ ನಿಲ್ಲಿಸಿ ಒಯ್ಯುವಾಗ ವರ್ಸೇಯ್ ಊರಿನಲ್ಲಿ ಅದು ವಿದ್ಯುತ್ ತಂತಿಗಳಿಗೆ ಸಿಕ್ಕಿಕೊಂಡಿತು. ಇಂಗ್ಲೆಂಡಿನವರು ಇನ್ನೂ ಮುಂದಾಲೋಚನೆ ಮಾಡಿದರು: ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು 1941ರಲ್ಲಿ ವೇಲ್ಸಿನ ಮ್ಯಾನೊಡ್ ಎಂಬಲ್ಲಿನ ಕಲ್ಲುಗಣಿಗೆ ಸಾಗಿಸುವಾಗ, ಒಂದನೆಯ ಚಾರ್ಲ್ಸ್ ದೊರೆ ಕುದುರೆಯೇರಿದ ದೊಡ್ಡ ಚಿತ್ರ ರೈಲ್ವೆ ಸೇತುವೆಯ ಕೆಳಗೆ ಹಾಯುವುದಿಲ್ಲವೆಂದು ಲೆಕ್ಕ ಹಾಕಿ ರಸ್ತೆಯನ್ನೇ ಅಗೆದು ತಗ್ಗಿಸಿದರು.

ಎಲ್ಲವನ್ನೂ ಒಂದೇ ಕಡೆ ಇಡಬಾರದು. ಬರ್ಲಿನ್ನಿನ ಫ್ರೀಡ್ರಿಕ್ಸ್‌ಹೈನ್ ಕೋಟೆಗೋಪುರದ ಕಾಂಕ್ರೀಟ್ ಗೋಡೆಗಳು ಬಾಂಬುಗಳನ್ನು ತಡೆದುಕೊಂಡವು. 1945ರ ಮೇ ತಿಂಗಳಲ್ಲಿ, ಹೋರಾಟ ನಿಂತ ಮೇಲೆ, ಒಳಗೆ ಬೆಂಕಿಯೆದ್ದು 400ಕ್ಕೂ ಹೆಚ್ಚು ಚಿತ್ರಗಳು ನಾಶವಾದವು. ಗೋಡೆ ಗಟ್ಟಿಯಿದ್ದರೂ ಕಾಯುವವರಿಲ್ಲದ ಜಾಗ ಜಾಗವಲ್ಲ. ದೇಶದ ಹೊರಗೆ ಕಳಿಸಬೇಕೇ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಒಂದು ಚಿತ್ರವೂ ದ್ವೀಪವನ್ನು ಬಿಟ್ಟು ಹೋಗಕೂಡದು ಎಂದು ಚರ್ಚಿಲ್ ಪಟ್ಟುಹಿಡಿದರೆ, ಸ್ಪೇನಿನ ಅಂತರ್ಯುದ್ಧದ ಕೊನೆಯಲ್ಲಿ ಪ್ರಾದೊ ಸಂಗ್ರಹಾಲಯದ ಕೃತಿಗಳು 1939ರಲ್ಲಿ ಜಿನೀವಾಕ್ಕೆ ಹೋಗಿ ಅದೇ ವರ್ಷ ಹಿಂತಿರುಗಿದವು. ನನ್ನ ಮಟ್ಟಿಗೆ, ಹಿಂದಕ್ಕೆ ಕೊಡುವ ಲಿಖಿತ ಒಪ್ಪಂದವೂ ವಸ್ತುವಾರು ಪಟ್ಟಿಯೂ ಇಲ್ಲದೆ ಗಡಿ ದಾಟಿಸುವುದು ತಪ್ಪು.

ಎತ್ತಲಾಗದ್ದು

ಶಿಲಾಶಾಸನ, ಭಿತ್ತಿಚಿತ್ರ, ಮೂಲವಿಗ್ರಹ, ನೆಲಕ್ಕೆ ಕೂಡಿಸಿದ ಮೊಸಾಯಿಕ್ (ಬಣ್ಣದ ಕಲ್ಲುಚೂರುಗಳ ಚಿತ್ರ) ಇವು ಇದ್ದಲ್ಲೇ ಉಳಿಯಬೇಕು. ಈ ಕೆಲಸವನ್ನು ಬೈರೂತಿನ ರಾಷ್ಟ್ರೀಯ ಸಂಗ್ರಹಾಲಯದ ಮುಖ್ಯಸ್ಥ ಮೋರಿಸ್ ಶೆಹಾಬ್ ಮತ್ತು ಅವರ ಪತ್ನಿ ಓಲ್ಗಾ ಮಾಡಿದಷ್ಟು ತಾಳ್ಮೆಯಿಂದ ಮಾಡಿದವರು ವಿರಳ. 1975ರಲ್ಲಿ ಲೆಬನಾನಿನ ಅಂತರ್ಯುದ್ಧ ಆರಂಭವಾದಾಗ ಅವರ ಸಂಗ್ರಹಾಲಯ ಊರನ್ನು ಎರಡಾಗಿ ಸೀಳಿದ ಗೆರೆಯ ಮೇಲೆಯೇ ಇತ್ತು. ಇಬ್ಬದಿಯ ಬಂದೂಕುಗಳೂ ಅಲ್ಲಿಗೆ ಎಟುಕುತ್ತಿದ್ದವು. ಕದನವಿರಾಮ ಸಿಕ್ಕಾಗಲೆಲ್ಲ ಅವರು ಒಳಗೆ ಹೋಗಿ ಸ್ವಲ್ಪ ಸ್ವಲ್ಪ ಕೆಲಸ ಮಾಡಿ ಬರುತ್ತಿದ್ದರು. ಸಣ್ಣ ವಸ್ತುಗಳನ್ನು ಗಾಜಿನ ಪೆಟ್ಟಿಗೆಗಳಿಂದ ತೆಗೆದು ನೆಲಮಾಳಿಗೆಗೆ ಇಳಿಸಿ, ಆ ಕೋಣೆಗಳ ಬಾಗಿಲಿಗೆ ಗೋಡೆ ಕಟ್ಟಿಸಿದರು, ಅಲ್ಲೊಂದು ಕೋಣೆಯಿತ್ತೆಂಬುದೇ ಗೊತ್ತಾಗದಂತೆ. ನೆಲದ ಮೊಸಾಯಿಕ್‌ಗಳಿಗೆ ಮೊದಲು ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಕಾಂಕ್ರೀಟ್ ಹಾಕಿಸಿದರು. ಕಲ್ಲಿನ ದೊಡ್ಡ ಶವಪೆಟ್ಟಿಗೆಗಳಿಗೂ ಪ್ರತಿಮೆಗಳಿಗೂ ಮೊದಲು ಮರಳು ಚೀಲಗಳನ್ನು ಪೇರಿಸಿದರು. ಅವು ಸಾಲವೆಂದು ಕಂಡಾಗ ಸುತ್ತ ಮರದ ಚೌಕಟ್ಟು ನಿಲ್ಲಿಸಿ ಹೊರಗೆ ಕಾಂಕ್ರೀಟ್ ಎರೆಸಿದರು. ಸಶಸ್ತ್ರ ಗುಂಪುಗಳು ಆ ಕಟ್ಟಡದಲ್ಲಿ ತಂಗಿ, ಗೋಡೆಗಳ ಮೇಲೆಲ್ಲ ಗೀಚಿ, ಬೆಂಕಿ ಹಾಕಿಕೊಂಡು ಕಾಲ ಕಳೆದವು. ಕಾಂಕ್ರೀಟಿನೊಳಗೇನಿದೆ ಎಂದು ಒಡೆದು ನೋಡುವ ಶ್ರಮ ಅವರಿಗೆ ಬೇಡವಾಗಿತ್ತು. ಮುಚ್ಚಲಾಗದೆ ಉಳಿದ ಗೋಡೆಯ ಮೊಸಾಯಿಕ್ ಒಂದರ ಮೂಲೆಯಲ್ಲಿ ಬಂದೂಕುಧಾರಿ ಕೊರೆದ ತೂತನ್ನು ಇಂದಿಗೂ ಮುಚ್ಚದೆ ಬಿಟ್ಟಿದ್ದಾರೆ.

ಅಲ್ಲಿ ಆದ ತೊಂದರೆಯನ್ನೂ ಗಮನಿಸಬೇಕು. ಯುದ್ಧ ಮುಗಿದು ನೆಲಮಾಳಿಗೆಯನ್ನು ತೆರೆದಾಗ ನೀರು ನುಗ್ಗಿ, ತೇವ ಹಿಡಿದು, ಎಷ್ಟೋ ವಸ್ತುಗಳು ಕೆಟ್ಟಿದ್ದವು. ಆದ್ದರಿಂದ ನೆಲಮಾಳಿಗೆಯಲ್ಲಿ ಇಡುವುದಾದರೆ ನೆಲದಿಂದ ಒಂದು ಅಡಿಯಾದರೂ ಎತ್ತರದ ಅಟ್ಟಣೆಯ ಮೇಲಿಡಿ, ನೀರಿನ ಕೊಳವೆ ಹಾಯ್ದಿರುವ ಕೋಣೆಯನ್ನು ಬಿಟ್ಟುಬಿಡಿ. ಮರಳು ಚೀಲಗಳನ್ನು ಭಿತ್ತಿಚಿತ್ರಕ್ಕಾಗಲಿ ಶಾಸನಕ್ಕಾಗಲಿ ತಾಗಿಸಿ ಪೇರಿಸಬೇಡಿ. ಮಳೆಗೆ ನೆನೆದ ಚೀಲ ಸಿಡಿಗುಂಡಿಗಿಂತ ನಿಧಾನವಾಗಿ, ಆದರೆ ಅಷ್ಟೇ ಖಂಡಿತವಾಗಿ, ಬಣ್ಣವನ್ನು ತಿನ್ನುತ್ತದೆ. ನಡುವೆ ಗಾಳಿಯಾಡುವ ಅಂತರ ಬಿಟ್ಟು, ಚೀಲಗಳನ್ನು ಹೊರಗಿನ ಚೌಕಟ್ಟು ಹೊರುವಂತೆ ಮಾಡಿ. ಮಿಲಾನಿನಲ್ಲಿ ಲಿಯೊನಾರ್ಡೊನ ಕೊನೆಯ ಭೋಜನದ ಚಿತ್ರವಿರುವ ಗೋಡೆಗೆ ಹೀಗೆ ಚೌಕಟ್ಟು ಮತ್ತು ಮರಳು ಚೀಲಗಳ ಆಸರೆ ಕೊಟ್ಟಿದ್ದರು. 1943ರ ಆಗಸ್ಟಿನಲ್ಲಿ ಬಾಂಬು ಬಿದ್ದು ಆ ಭೋಜನಶಾಲೆಯ ಮಾಡು ಮತ್ತು ಪಕ್ಕದ ಗೋಡೆ ಕುಸಿದರೂ ಚಿತ್ರದ ಗೋಡೆ ನಿಂತಿತು. ಸಿರಿಯಾದ ಮಅರ್ರತ್ ಅಲ್-ನುಅಮಾನಿನ ಮೊಸಾಯಿಕ್ ಸಂಗ್ರಹಾಲಯದಲ್ಲಿ ಸ್ಥಳೀಯ ತಜ್ಞರು ನೀರಿನಲ್ಲಿ ಕರಗುವ ಅಂಟನ್ನು ಬಳಿದು, ಮೇಲೆ ಬಟ್ಟೆಯಂಥ ಹಾಳೆ ಅಂಟಿಸಿ, ಆಮೇಲೆ ಚೀಲ ಪೇರಿಸಿದರು. 2015ರ ಜೂನಿನಲ್ಲಿ ಬಾಂಬು ಬಿದ್ದಾಗ ಮೊಸಾಯಿಕ್‌ಗಳು ಬಹುಪಾಲು ಉಳಿದವು. ಅಂಟು ನೀರಿನಲ್ಲಿ ಕರಗುವಂಥದೇ ಆಗಿರಬೇಕು, ಏಕೆಂದರೆ ಹಾಕಿದ್ದನ್ನು ಮುಂದೊಮ್ಮೆ ತೆಗೆಯಬೇಕಾಗುತ್ತದೆ.

ನೀಲಿ ಗುರಾಣಿ

1954ರ ಹೇಗ್ ಒಪ್ಪಂದದ ಪ್ರಕಾರ ಸಾಂಸ್ಕೃತಿಕ ಸೊತ್ತಿಗೆ ನೀಲಿ-ಬಿಳಿ ಗುರಾಣಿಯ ಲಾಂಛನವಿದೆ. ಭಾರತ 1958ರಲ್ಲಿ ಈ ಒಪ್ಪಂದವನ್ನು ಅನುಮೋದಿಸಿತು. ಲಾಂಛನವನ್ನು ಸ್ವಂತ ಇಚ್ಛೆಯಿಂದ ಬಳಿಯುವಂತಿಲ್ಲ, ಸಂಬಂಧಪಟ್ಟ ಅಧಿಕಾರಿಗಳ ಅನುಮತಿ ಬೇಕು. ಕಟ್ಟಡದಲ್ಲಿ ನಮ್ಮದೇ ಸೈನಿಕರಾಗಲಿ ಮದ್ದುಗುಂಡಾಗಲಿ ಇದ್ದರೆ ಆ ರಕ್ಷಣೆ ಕುಸಿಯುತ್ತದೆ, ಆದ್ದರಿಂದ ವಿನಯದಿಂದಲೇ ಆದರೂ ಅವರನ್ನು ಬೇರೆ ಕಡೆ ಕಳಿಸಲು ಪ್ರಯತ್ನಿಸಿ. ಲಾಂಛನ ಗುಂಡನ್ನು ತಡೆಯುವುದಿಲ್ಲ: 1991ರಲ್ಲಿ ಕ್ರೊಯೇಷಿಯಾದ ದುಬ್ರೊವ್ನಿಕ್‌ನ ಹಳೆಯ ಪಟ್ಟಣದ ಮೇಲೆ ರಕ್ಷಣೆಯ ಗುರುತುಗಳಿದ್ದರೂ ಗುಂಡು ಬಿದ್ದವು. ಆದರೆ ಅದಕ್ಕೆ ಕಾರಣರಾದ ಸೇನಾಧಿಕಾರಿಗಳಿಗೆ ಮುಂದೆ ಅಂತರರಾಷ್ಟ್ರೀಯ ನ್ಯಾಯಮಂಡಳಿ ಶಿಕ್ಷೆ ವಿಧಿಸಿತು. ಮಾಲಿ ದೇಶದ ಟಿಂಬಕ್ಟುವಿನ ಗೋರಿಗುಡಿಗಳನ್ನು ಕೆಡವಿಸಿದವನಿಗೆ 2016ರಲ್ಲಿ ಒಂಬತ್ತು ವರ್ಷಗಳ ಸೆರೆಯಾಯಿತು. ಶತ್ರುವಿನ ಉದ್ದೇಶವೇ ನಿಮ್ಮ ಸಂಸ್ಕೃತಿಯನ್ನು ಅಳಿಸುವುದಾಗಿದ್ದರೆ ಲಾಂಛನವೇ ಗುರಿಯಾದೀತು. ಅಂಥಲ್ಲಿ ಹಾಕದಿರುವುದೇ ಲೇಸು.

ಲೂಟಿಗೆ ಎದುರು

ಲೂಟಿ ಎರಡು ಬಗೆಯದು. ಒಂದು, ಊರಿನ ಜನರೋ ಚಿಲ್ಲರೆ ಕಳ್ಳರೋ ಸಂದು ನೋಡಿ ನುಗ್ಗುವುದು. ಇನ್ನೊಂದು, ಗೆದ್ದವರು ಲೆಕ್ಕವಿಟ್ಟು, ಸಮಿತಿ ಮಾಡಿ ಒಯ್ಯುವುದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಎರಡೂ ನಡೆದವು. ಮೊದಲು ಸೈನಿಕರ ಸ್ವೇಚ್ಛೆಯ ಸೂರೆ, ಆಮೇಲೆ ಪಾಲು ಹಂಚುವ ಸಮಿತಿ. ಟಿಪ್ಪುವಿನ ಸಿಂಹಾಸನವನ್ನು ಪಾಲು ಮಾಡಲೆಂದು ಒಡೆದು ತುಂಡು ಮಾಡಿದರು. ಅದರ ಮೇಲಿದ್ದ ಹುಮಾ ಹಕ್ಕಿಯ ಆಕೃತಿ ಇಂಗ್ಲೆಂಡಿನ ರಾಜಮನೆತನಕ್ಕೆ ಹೋಯಿತು, ಟಿಪ್ಪುವಿನ ಯಂತ್ರದ ಹುಲಿ ಲಂಡನ್ನಿನ ಸಂಗ್ರಹಾಲಯದಲ್ಲಿದೆ. ನಮ್ಮವರು ಮಾಡಲಿಲ್ಲವೆಂದೇನಲ್ಲ: ಕೃಷ್ಣದೇವರಾಯನು ಉದಯಗಿರಿಯನ್ನು ಗೆದ್ದು ಅಲ್ಲಿಯ ಬಾಲಕೃಷ್ಣನನ್ನು ಹಂಪಿಗೆ ತಂದು ಗುಡಿ ಕಟ್ಟಿಸಿದ.

ಮೊದಲ ಬಗೆಯ ಲೂಟಿಗೆ ಮದ್ದು ಮೌನ ಮತ್ತು ಮುಚ್ಚಿದ ಗೋಡೆ. ಬಾಗ್ದಾದಿನಲ್ಲಿ ಪ್ರದರ್ಶನದ 8,366 ವಸ್ತುಗಳನ್ನು ಸಿಬ್ಬಂದಿಯಲ್ಲಿ ಕೆಲವರು ಯುದ್ಧಕ್ಕೆ ಮೊದಲೇ ಗುಪ್ತಸ್ಥಳದಲ್ಲಿಟ್ಟು, ಯಾರಿಗೂ ಹೇಳುವುದಿಲ್ಲವೆಂದು ಕುರಾನಿನ ಮೇಲೆ ಆಣೆ ಮಾಡಿದ್ದರಿಂದ ಅವು ಉಳಿದವು. ಅದೇ ಕಟ್ಟಡದ ನೆಲಮಾಳಿಗೆಯಿಂದ ಅಂಗೈಯಲ್ಲಿ ಹಿಡಿಯಬಹುದಾದ, ಜೇಡಿಮಣ್ಣಿನ ಮೇಲೆ ಉರುಳಿಸಿ ಒತ್ತುವ ಪುರಾತನ ಉರುಳೆ ಮುದ್ರೆಗಳು ಸಾವಿರಗಟ್ಟಲೆ ಹೋದವು. ಹಗುರವಾದದ್ದು, ಜೇಬಿಗೆ ಹಿಡಿಯುವಂಥದು ಮೊದಲು ಹೋಗುತ್ತದೆ. ನಾಣ್ಯ, ಮುದ್ರೆ, ಆಭರಣಗಳನ್ನು ಮೊದಲು ಅಡಗಿಸಿ.

ಎರಡನೆಯ ಬಗೆಯ ಲೂಟಿಯನ್ನು ತಡೆಯುವುದು ಕೈಮೀರಿದ ಮಾತು. ದಾಖಲಿಸುವುದು ಮಾತ್ರ ಸಾಧ್ಯ. ಪ್ಯಾರಿಸ್ಸಿನ ಝೂ ದ ಪೋಮ್ ಸಂಗ್ರಹಾಲಯವನ್ನು ನಾಜಿಗಳು ಲೂಟಿಯ ಉಗ್ರಾಣ ಮಾಡಿಕೊಂಡಾಗ ಅಲ್ಲಿ ಕೆಲಸದಲ್ಲಿದ್ದ ರೋಸ್ ವಾಲಾಂ ತಮಗೆ ಜರ್ಮನ್ ಬಾರದವರಂತೆ ನಟಿಸುತ್ತ, ಯಾವ ಕೃತಿ ಯಾರ ಮನೆಯದು, ಯಾವ ಊರಿಗೆ ಹೋಯಿತು ಎಂದು ನಾಲ್ಕು ವರ್ಷ ಗುಟ್ಟಾಗಿ ಬರೆದಿಟ್ಟರು. ಯುದ್ಧಾನಂತರ ಹಲವು ಸಾವಿರ ಕೃತಿಗಳ ಜಾಡು ಸಿಕ್ಕಿದ್ದು ಆ ಟಿಪ್ಪಣಿಗಳಿಂದ. ಎದುರು ನಿಂತು ಜೀವ ಕೊಡುವ ನಿರೀಕ್ಷೆಯನ್ನು ಯಾವ ಸಿಬ್ಬಂದಿಯ ಮೇಲೂ ಹೇರಬೇಡಿ. 2015ರ ಆಗಸ್ಟಿನಲ್ಲಿ ಸಿರಿಯಾದ ಪಾಲ್ಮೈರಾದ ವೃದ್ಧ ಪುರಾತತ್ತ್ವಜ್ಞ ಖಾಲಿದ್ ಅಲ್-ಅಸಾದ್ ಐಸಿಸ್ ಉಗ್ರರ ಕೈಯಲ್ಲಿ ಹತರಾದರು. ಮನೆಮಂದಿಯನ್ನು ಸುರಕ್ಷಿತ ಸ್ಥಳಕ್ಕೆ ಕಳಿಸುವ ಏರ್ಪಾಡು ಪೆಟ್ಟಿಗೆ ಕಟ್ಟುವ ಯೋಜನೆಯಲ್ಲಿಯೇ ಸೇರಿರಬೇಕು.

ಕಳುವಾದ ಮೇಲೆ

ಮೊದಲ ದಿನವೇ ಪೊಲೀಸರಿಗೆ ದೂರು ಕೊಟ್ಟು, ಫೋಟೊಸಹಿತ ಪಟ್ಟಿಯನ್ನು ಇಂಟರ್‌ಪೋಲ್ ದತ್ತಾಂಶಕ್ಕೆ ಸೇರಿಸಲು ಕೇಳಿ. ಪಟ್ಟಿ ಬಹಿರಂಗವಾದಷ್ಟೂ ಕೊಳ್ಳುವವರು ಹಿಂಜರಿಯುತ್ತಾರೆ. 2022ರಲ್ಲಿ ಉಕ್ರೇನಿನ ಖೆರ್ಸನ್ ಕಲಾಸಂಗ್ರಹಾಲಯದಿಂದ ರಷ್ಯನ್ನರು 10,000ಕ್ಕೂ ಹೆಚ್ಚು ಕೃತಿಗಳನ್ನು ಕ್ರೈಮಿಯಾಕ್ಕೆ ಸಾಗಿಸಿದಾಗ, ಅಲ್ಲಿಂದ ಬಂದ ಫೋಟೊ ಮತ್ತು ವಿಡಿಯೋಗಳಲ್ಲಿ ಕಂಡ ಚಿತ್ರಗಳನ್ನು ಸಂಗ್ರಹಾಲಯದ ಸಿಬ್ಬಂದಿ ತಮ್ಮ ದಾಖಲೆಗಳೊಂದಿಗೆ ತಾಳೆ ನೋಡಿ ಒಂದೊಂದಾಗಿ ಗುರುತಿಸತೊಡಗಿದರು. ಊರಿನವರೇ ಒಯ್ದಿದ್ದರೆ, ತಂದುಕೊಟ್ಟವರನ್ನು ಪ್ರಶ್ನಿಸುವುದಿಲ್ಲವೆಂದು ಸಾರುವುದು ಶಿಕ್ಷೆಯ ಬೆದರಿಕೆಗಿಂತ ಹೆಚ್ಚು ಫಲ ಕೊಡುತ್ತದೆ. ಐದು ಸಾವಿರ ವರ್ಷ ಹಳೆಯ ವಾರ್ಕಾ ಹೂದಾನಿ ಬಾಗ್ದಾದಿಗೆ ಮರಳಿದ್ದು ಹಾಗೆಯೇ: 2003ರ ಜೂನಿನಲ್ಲಿ ಯಾರೋ ಕಾರಿನಲ್ಲಿ ತಂದು ಒಪ್ಪಿಸಿ ಹೋದರು. ತುಂಡಾಗಿತ್ತು, ಜೋಡಿಸಲು ಬರುವಂತಿತ್ತು. ಹಣ ಕೊಟ್ಟು ಬಿಡಿಸಿಕೊಳ್ಳಬೇಡಿ, ಅದು ಮುಂದಿನ ಕಳುವಿಗೆ ಕೊಟ್ಟ ಮುಂಗಡ. ಒಡೆದುಬಿದ್ದ ಅವಶೇಷಗಳನ್ನು ಗುಡಿಸಿ ಎಸೆಯುವ ಮೊದಲು ನೆಲವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ಚೂರುಗಳನ್ನು ಪ್ರತ್ಯೇಕ ಚೀಲದಲ್ಲಿ ಹಾಕಿ ಸಂಖ್ಯೆ ಬರೆಯಿರಿ.

ಮರಳಿ ಬಂದ ವಸ್ತುವನ್ನು ಹಳೆಯ ಹಾಳೆಯೊಂದಿಗೆ ಊನದಿಂದ ಊನಕ್ಕೆ ತಾಳೆ ನೋಡಿದ ಮೇಲೆಯೇ ರುಜು ಮಾಡಿ ಒಳಗಿಡಿ. ಅಫ್ಘಾನಿಸ್ತಾನದ ತಿಲ್ಯಾ ತೆಪೆಯಲ್ಲಿ 1978ರಲ್ಲಿ ವಿಕ್ಟರ್ ಸರಿಯಾನಿದಿ ಅಗೆದು ತೆಗೆದ 20,000ಕ್ಕೂ ಹೆಚ್ಚು ಚಿನ್ನದ ವಸ್ತುಗಳನ್ನು ಕಾಬೂಲಿನ ಸಂಗ್ರಹಾಲಯದ ಸಿಬ್ಬಂದಿ ಅರಮನೆಯ ನೆಲಮಾಳಿಗೆಯ ತಿಜೋರಿಯಲ್ಲಿಟ್ಟು, ವರ್ಷಗಟ್ಟಲೆ ಬಾಯಿಬಿಡದೆ ಕಾದರು. ಅವೆಲ್ಲ ಕರಗಿ ಹೋಗಿವೆಯೆಂದೇ ಲೋಕ ನಂಬಿತ್ತು. 2004ರಲ್ಲಿ ತಿಜೋರಿ ತೆರೆದಾಗ ಸರಿಯಾನಿದಿಯೂ ಅಲ್ಲಿದ್ದರು. ಚೀಲಗಳಿಂದ ಹೊರಬಂದ ಒಂದು ಪುಟ್ಟ ವಸ್ತುವಿನ ಮೇಲೆ, ಇಪ್ಪತ್ತೈದು ವರ್ಷಗಳ ಹಿಂದೆ ತಮ್ಮ ಕೈಯಾರೆ ಮಾಡಿದ್ದ ದುರಸ್ತಿಯನ್ನು ಕಂಡು, ಇದು ಅದೇ ಎಂದರು.